ಮಗಳಿಗೊಂದು ಪತ್ರ: ಮಿಲ್ಲೋ, ಎಂಒಎಯೋ?

ಪ್ರೀತಿಯ ಪುಟ್ಟೀ,

ರೈಫಲ್ ಸ್ಕೋಪಿಗೆ, ಅಂದರೆ ಗುರಿಯಿಡುವ ದುರ್ಬೀನಿಗೆ, ದುಡ್ಡು ಸುರಿಯುವ ಮುಂಚೆ ಮಿಲ್ ಅಳತೆಯದು ತರಲೋ ಎಂಒಎಯದು ತರಲೋ ಅಂತ ಕೇಳಿದೆಯಲ್ಲ, ಒಳ್ಳೆಯದಾಯಿತು. ಎರಡೂ ಕೋನದ ಅಳತೆಗಳೇ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲೇ ಒಂದು ಎಂಒಎ (ಮಿನಿಟ್ ಆಫ್ ಆ್ಯಂಗಲ್). ನೂರು ಗಜದಲ್ಲಿ ಅದು 1.047 ಇಂಚು. ಮಿಲ್ ಅಂದರೆ ದೂರದ ಸಾವಿರದಲ್ಲೊಂದು ಪಾಲು. ನೂರು ಮೀಟರಿಗೆ 10 ಸೆಂ.ಮೀ., ನೂರು ಗಜಕ್ಕೆ 3.6 ಇಂಚು. ಒಂದು ಮಿಲ್‌ಗೆ 3.438 ಎಂಒಎ. ಮಿಲ್ ಮೀಟರಿನವರಿಗೆ, ಎಂಒಎ ಇಂಚಿನವರಿಗೆ ಅನ್ನುವ ಮಾತನ್ನು ನಂಬಬೇಡ. ಕೋನಕ್ಕೆ ಇಂಚೂ ಇಲ್ಲ, ಮೀಟರೂ ಇಲ್ಲ.

ನೀನು ನೋಡಲೇಬೇಕಾದದ್ದು ಒಂದೇ: ಒಳಗೆ ಕಾಣುವ ಗುರಿಗೆರೆಗಳೂ (ರೆಟಿಕಲ್) ಗುರಿ ತಿದ್ದಲು ಹೊರಗೆ ತಿರುಗಿಸುವ ಗುಬುಟೂ (ಟರೆಟ್) ಒಂದೇ ಅಳತೆಯಲ್ಲಿರಬೇಕು. 600 ಮೀಟರಿನಲ್ಲಿ ಗುಂಡು ಕೆಳಗೆ ಬಿತ್ತು, ರೆಟಿಕಲ್‌ನಲ್ಲಿ 0.6 ಮಿಲ್ ಅಂತ ಕಂಡಿತು ಅಂದುಕೋ. ಟರೆಟ್ ಮಿಲ್‌ನದಾದರೆ, ಕ್ಲಿಕ್ಕಿಗೆ 0.1 ಮಿಲ್‌ನಂತೆ ಆರು ಕ್ಲಿಕ್ ಮೇಲಕ್ಕೆ ತಿರುಗಿಸಿದರೆ ಮುಗಿಯಿತು. ಟರೆಟ್ ಎಂಒಎಯದಾದರೆ 3.438ರಿಂದ ಗುಣಿಸಿ, ಕ್ಲಿಕ್ಕಿಗೆ ಕಾಲು ಎಂಒಎಯಂತೆ ಲೆಕ್ಕ ಹಾಕಿ ಎಂಟು ಕ್ಲಿಕ್ ಅನ್ನುವಷ್ಟರಲ್ಲಿ ಗಾಳಿ ಬದಲಾಗಿರುತ್ತದೆ. ಅವಸರದಲ್ಲಿ 0.6 ಎಂಒಎ ತಿರುಗಿಸಿದೆಯೋ, ಗುಂಡು ಇನ್ನೂ 25 ಸೆಂ.ಮೀ. ಕೆಳಗೇ. ಹಳೆಯ ಸ್ಕೋಪುಗಳಲ್ಲಿ ಈ ಬೆರಕೆ ಬಹಳ. ಅಗ್ಗಕ್ಕೆ ಸಿಕ್ಕಿತೆಂದು ತರಬೇಡ.

ಅಮೆರಿಕದಲ್ಲಿ ನೀನು ಆಡಹೊರಟಿರುವುದು ಪಿಆರ್‌ಎಸ್ (ಪ್ರಿಸಿಷನ್ ರೈಫಲ್ ಸೀರೀಸ್) ಎಂಬ ರೈಫಲ್ ಸ್ಪರ್ಧೆ. ಅಲ್ಲಿ ಹೆಚ್ಚಿನವರ ಬಾಯಲ್ಲಿ ಮಿಲ್. ಪಕ್ಕದವಳು "0.3 ಎಡಕ್ಕೆ" ಅಂದರೆ ನಿನಗೆ ತಕ್ಷಣ ಹೊಳೆಯಬೇಕು. ಸಂಖ್ಯೆಗಳೂ ಚಿಕ್ಕವು: ಮಿಲ್‌ನಲ್ಲಿ 11 ಅನ್ನುವುದು ಎಂಒಎಯಲ್ಲಿ ಸುಮಾರು ಮೂವತ್ತೇಳು ಮುಕ್ಕಾಲು. ಹಾಗಾಗಿ ಮಿಲ್ಲೇ ತೊಗೋ. ಮುಂದೆ ಎಫ್-ಕ್ಲಾಸ್ ಎಂಬ ದೂರದ ಗುರಿಯ ಸ್ಪರ್ಧೆಗೆ ಮನಸ್ಸಾದರೆ ಮಾತು ಬೇರೆ. ಅಲ್ಲಿ ಸಾವಿರ ಗಜದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ 10 ಇಂಚು, ಸುಮಾರು ಒಂದು ಎಂಒಎ. 1/8 ಎಂಒಎ ಕ್ಲಿಕ್ಕಿಗೆ ಅಲ್ಲಿ ಗುಂಡು 1.3 ಇಂಚು ಸರಿದರೆ, 0.1 ಮಿಲ್ ಕ್ಲಿಕ್ಕಿಗೆ 3.6 ಇಂಚು ಸರಿಯುತ್ತದೆ. ಅಲ್ಲಿ ಆ ಸಣ್ಣ ಕ್ಲಿಕ್ಕೇ ಬೇಕು.

ರೆಟಿಕಲ್ ಮೊದಲ ಫೋಕಲ್ ಪ್ಲೇನ್‌ನಲ್ಲಿದೆಯೇ (ಝೂಮ್ ಮಾಡಿದಂತೆ ಚಿತ್ರದ ಜೊತೆ ಗೆರೆಗಳೂ ಹಿಗ್ಗುವ ಜಾಗ) ಅಂತಲೂ ಕೇಳಿಕೋ. ಎರಡನೆಯದರಲ್ಲಿದ್ದರೆ ಗೆರೆಯ ಅಳತೆ ಒಂದೇ ಝೂಮ್‌ನಲ್ಲಿ ಸರಿ, ಸಾಮಾನ್ಯವಾಗಿ ಗರಿಷ್ಠದಲ್ಲಿ. 24 ಪಟ್ಟು ಝೂಮ್‌ನಲ್ಲಿ ಒಂದು ಮಿಲ್ ತೋರಿಸುವ ಗೆರೆ 12ಕ್ಕೆ ಇಳಿಸಿದಾಗ ಎರಡು ಮಿಲ್ ಆಗಿರುತ್ತದೆ.

ತಂದ ಮೇಲೆ ಕ್ಲಿಕ್ಕನ್ನು ಪರೀಕ್ಷಿಸದೆ ಸ್ಪರ್ಧೆಗೆ ಹೋಗಬೇಡ. ನೂರು ಗಜವನ್ನು ಟೇಪಿನಲ್ಲೇ ಅಳೆ, ಹೆಜ್ಜೆ ಎಣಿಸಬೇಡ. ಎತ್ತರದ ಹಾಳೆಯ ಮೇಲೆ ತೂಗುಗುಂಡು ಬಿಟ್ಟು ನೇರ ಗೆರೆ ಎಳೆ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು ಹೊಡೆ. ಆಮೇಲೆ 10 ಮಿಲ್ ಏರಿಸಿ ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಐದು. ಎರಡು ಗುಂಪುಗಳ ನಡುಮಧ್ಯದ ಅಂತರ 36 ಇಂಚು ಬರಬೇಕು. 35.3 ಬಂದರೆ ಕ್ಲಿಕ್ ಶೇ. 2ರಷ್ಟು ಕಡಿಮೆ, ಆ ತಿದ್ದುಪಡಿಯನ್ನು ಗುಂಡಿನ ಹಾದಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪಿಗೆ ಹಾಕು. ಗುಂಪು ಗೆರೆ ಬಿಟ್ಟು ಓರೆಯಾಗಿ ಏರಿದರೆ ಸ್ಕೋಪ್ ವಾಲಿದೆ, ಅದನ್ನು ಹಿಡಿದಿರುವ ರಿಂಗ್ ಸಡಿಲಿಸಿ ಮತ್ತೆ ಕೂರಿಸು. ಒಂದು ಎಚ್ಚರ: ಗಜದ ಮೈದಾನವನ್ನು ಮೀಟರ್ ಅಂದುಕೊಂಡರೆ ಅಂತರ ಶೇ. 8ಕ್ಕೂ ಮಿಕ್ಕಿ ಕುಗ್ಗಿದಂತೆ ಕಾಣುತ್ತದೆ, ತಪ್ಪಿಲ್ಲದ ಸ್ಕೋಪನ್ನು ಬೈಯುತ್ತೀಯ.

ಹಾಳೆಯ ಫೋಟೋ ಕಳಿಸು, ಅಳತೆ ಇಬ್ಬರೂ ಕೂತು ನೋಡೋಣ.

ನಿನ್ನ ಅಮ್ಮ