ಗೊತ್ತಾಗುವುದು ಬೇರೆ, ಅಚ್ಚು ಹಾಕುವುದು ಬೇರೆ

ಮಾನ್ಯ ಸಂಪಾದಕರೇ,

ಪತ್ತೇದಾರಿ ಕಾದಂಬರಿಗಳಲ್ಲಿ ಬರುವ ಪತ್ರಕರ್ತರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಖುಷಿಯಾಯಿತು. ಆದರೆ ಒಂದು ಮಾತು ಗಂಟಲಲ್ಲೇ ಸಿಕ್ಕಿಕೊಂಡಿದೆ. ವರದಿಗಾರ ಅಂದರೆ ಯೂನಿಫಾರ್ಮ್ ಇಲ್ಲದ ಪೊಲೀಸ್, ಅದಕ್ಕೇ ಅವನನ್ನು ಪತ್ತೇದಾರ ಮಾಡುವುದು ಸುಲಭ ಅಂತ ಬರೆದಿದ್ದಾರೆ. ನಾನು ತುಂಬಾ ವರ್ಷ ಕ್ರೈಮ್ ಬೀಟ್, ಅಂದರೆ ಅಪರಾಧ ಸುದ್ದಿಯ ಜವಾಬ್ದಾರಿ, ನೋಡಿಕೊಂಡವನು. ಈ ಮಾತನ್ನು ಒಪ್ಪಲು ಆಗುವುದಿಲ್ಲ.

ಪೊಲೀಸರು ಬಾಗಿಲು ಬಡಿದರೆ ತೆರೆಯದೆ ವಿಧಿಯಿಲ್ಲ. ವರದಿಗಾರ ಬಡಿದರೆ ‘ಹೋಗಯ್ಯ’ ಅಂತ ಮುಖಕ್ಕೇ ಬಾಗಿಲು ಹಾಕಿಕೊಳ್ಳಬಹುದು. ಅವನ ಹತ್ತಿರ ಸಮನ್ಸ್ ಇಲ್ಲ, ಲಾಕಪ್ ಇಲ್ಲ, ಲ್ಯಾಬ್ ಇಲ್ಲ. ಕೇಳುವುದಕ್ಕೆ ಕಾರಣ ಇದೆ, ಕೇಳಿದ್ದಕ್ಕೆ ಉತ್ತರ ಸಿಗಲೇಬೇಕು ಅನ್ನುವ ಅಧಿಕಾರ ಮಾತ್ರ ಇಲ್ಲ. ಕಥೆ ಹುಟ್ಟುವುದೇ ಅಲ್ಲಿ.

ಫ್ರೆಂಚ್ ಕಾದಂಬರಿಕಾರ ಗ್ಯಾಸ್ಟನ್ ಲೆರೂ ಇದನ್ನು 1907ರಲ್ಲೇ ಹಿಡಿದಿದ್ದರು. ಅವರೇ ಪ್ಯಾರಿಸ್ಸಿನ ‘ಲ ಮಾತ್ಯಾಂ’ ಪತ್ರಿಕೆಗೆ ಕೋರ್ಟ್ ವರದಿ ಬರೆಯುತ್ತಿದ್ದವರು. ಅವರ ಕಾದಂಬರಿ ‘ಹಳದಿ ಕೋಣೆಯ ರಹಸ್ಯ’ದ ಹುಡುಗ ವರದಿಗಾರ ರೂಲ್‌ತಬೀಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿದ್ದು ಹೇಗೆ ಗೊತ್ತಾ? ತುಂಡುತುಂಡಾಗಿ ಸಿಕ್ಕ ಒಂದು ಹೆಣದ ಎಡಪಾದ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಇವನು ಚರಂಡಿಯಿಂದ ಅದನ್ನು ಹುಡುಕಿಕೊಂಡು ನೇರವಾಗಿ ಸಂಪಾದಕರ ಮುಂದೆ ಹೋಗಿ ನಿಲ್ಲುತ್ತಾನೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಕೊನೆಯ ಕೋರ್ಟ್ ದೃಶ್ಯ. ಅಪರಾಧಿ ಯಾರು ಅಂತ ಅವನಿಗೆ ಗೊತ್ತು, ಇಡೀ ಕೋರ್ಟ್ ಕಾಯುತ್ತಾ ಕೂತಿದೆ, ಸಂಜೆ ಆರೂವರೆಯಾಗುವ ತನಕ ಹೆಸರು ಹೇಳುವುದಿಲ್ಲ ಅಂತ ಹಠ ಹಿಡಿಯುತ್ತಾನೆ. ಯಾಕೆ ಅಂತ ಓದದವರಿಗಾಗಿ ಬಿಡುತ್ತೇನೆ. ಗೊತ್ತಿರುವ ಹೆಸರನ್ನು ಯಾವಾಗ ಹೊರಗೆ ಬಿಡಬೇಕು ಅನ್ನುವುದು ಈ ಕೆಲಸದ ಅತಿ ಕಷ್ಟದ ಭಾಗ, ಲೆರೂ ಅದನ್ನು ಬಲ್ಲವರು.

ನನಗೆ ಅದು ಗೊತ್ತಾಗಿದ್ದು ಹೀಗೆ. ಕೆಲಸಕ್ಕೆ ಸೇರಿದ ಹೊಸತು. ಕೊಲೆಯಾದ ಒಬ್ಬ ಹುಡುಗನ ಮನೆಗೆ ಫೋಟೋ ಕೇಳಲು ಹೋಗಿದ್ದೆ. ಆಗ ಮೊಬೈಲ್ ಇಲ್ಲ, ಫೋಟೋ ಬೇಕೆಂದರೆ ಮನೆಗೇ ಹೋಗಬೇಕು. ಅವನ ತಾಯಿ ಏನೂ ಮಾತಾಡದೆ ಗೋಡೆಯಿಂದ ಫ್ರೇಮ್ ಇಳಿಸಿದರು. ಗಾಜನ್ನು ಅಂಗೈಯಲ್ಲಿ ಒರೆಸಿದರು. ಹಿಂದಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಬಗ್ಗಿಸಿ ಫೋಟೋ ಹೊರಗೆ ತೆಗೆದರು. ಫ್ರೇಮ್ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಇನ್ನೂ ಹೊಸದರ ಹಾಗಿತ್ತು. ‘ವಾಪಸ್ ಕೊಡ್ತೀರಿ ಅಲ್ವಾ?’ ಅಂತ ಅಷ್ಟೇ ಕೇಳಿದರು. ನಾಲ್ಕನೇ ದಿನ ಕೊಟ್ಟು ಬಂದೆ.

ಅವತ್ತು ಅಕ್ಕಪಕ್ಕದವರು ಒಂದು ಹೆಸರೂ ಹೇಳಿದ್ದರು. ಇಬ್ಬರು ಖಂಡಿತ ಅವನೇ ಅಂದರು, ಮೂರನೆಯವರು ನಾನೂ ಹಾಗೇ ಕೇಳಿದೆ ಅಂದರು. ನನಗೆ ಅಷ್ಟೇ ಸಾಕಾಗಿತ್ತು, ಬರೆದುಬಿಟ್ಟಿದ್ದೆ. ಡೆಸ್ಕ್‌ನಲ್ಲಿ, ಅಂದರೆ ವರದಿ ತಿದ್ದುವ ವಿಭಾಗದಲ್ಲಿ, ಇದ್ದ ಹಿರಿಯರು ಕಾಪಿ ಓದಿ, ‘ಕಣ್ಣಾರೆ ಕಂಡವರು ಯಾರು? ಆ ಮನುಷ್ಯನನ್ನೇ ಕೇಳಿದೆಯಾ?’ ಅಂದರು. ಕೇಳಿರಲಿಲ್ಲ. ಕೆಂಪು ಪೆನ್ನಿನಲ್ಲಿ ಹೆಸರು ಹೊಡೆದು ಹಾಕಿದರು. ಹತ್ತು ದಿನ ಬಿಟ್ಟು ಪೊಲೀಸರು ಹಿಡಿದದ್ದು ಬೇರೆ ಯಾರನ್ನೋ. ಆ ಹೆಸರು ಅಚ್ಚಾಗಿದ್ದರೆ ಅಂತ ಈಗ ನೆನೆದರೂ ಎದೆ ಧಸಕ್ ಅನ್ನುತ್ತದೆ.

ಕಾದಂಬರಿಗಳಲ್ಲಿ ನಾನು ಹುಡುಕುವುದು ಈ ಕ್ಷಣವನ್ನು. ಬಹುತೇಕ ಕಡೆ ಸಿಗುವುದಿಲ್ಲ. ಅಲ್ಲಿ ಪತ್ರಿಕೆ ಅನ್ನುವುದು ಬರೀ ಐಡಿ ಕಾರ್ಡ್. ಡೆಡ್‌ಲೈನ್ ಇಲ್ಲ, ಡೆಸ್ಕ್ ಇಲ್ಲ, ‘ಇದನ್ನು ಹೇಳಿದ್ದು ಯಾರು’ ಅಂತ ಕೇಳುವವರಿಲ್ಲ. 1929ರಿಂದ ಊರೂರು ಸುತ್ತಿದ ಟಿನ್‌ಟಿನ್ ವರದಿಗಾರನೇ, ಆದರೆ ಕೂತು ಒಂದು ವರದಿ ಬರೆಯುವುದು ಕಾಣಿಸುವುದೇ ಅಪರೂಪ. ಅದು ಮಕ್ಕಳ ಕಾಮಿಕ್ಸ್, ಬಿಡಿ, ನನಗೂ ಪ್ರೀತಿಯದ್ದೇ. ದೊಡ್ಡವರ ಕಾದಂಬರಿಗಳೂ ಅದನ್ನೇ ಮಾಡಿದರೆ ಬೇಜಾರು.

ಸ್ವೀಡನ್ನಿನ ಕಾದಂಬರಿಕಾರ ಸ್ಟೀಗ್ ಲಾರ್ಸನ್ ಹಾಗೆ ಮಾಡಲಿಲ್ಲ. ಅವರು ‘ಎಕ್ಸ್‌ಪೋ’ ಪತ್ರಿಕೆ ನಡೆಸಿದವರು, 2004ರಲ್ಲಿ ತೀರಿಕೊಂಡರು, ಮೊದಲ ಕಾದಂಬರಿ ಹೊರಗೆ ಬಂದದ್ದು ಮರುವರ್ಷ. ಅದರಲ್ಲಿ ಪತ್ರಕರ್ತ ಮೈಕೆಲ್ ಬ್ಲೂಮ್‌ಕ್ವಿಸ್ಟ್ ನಮಗೆ ಮೊದಲು ಸಿಗುವುದೇ ಮಾನನಷ್ಟದ ಕೇಸಿನಲ್ಲಿ ಸೋತು, ಶಿಕ್ಷೆ ಹೊತ್ತು. ಬರೆದದ್ದನ್ನು ಅವನು ಸಾಬೀತು ಮಾಡಲಾಗಲಿಲ್ಲ, ಅಷ್ಟೇ. ಇನ್ನೊಂದು ವಿಚಾರ. ಒಂದು ಶ್ರೀಮಂತ ಮನೆತನದ ಕಾಣೆಯಾದ ಹುಡುಗಿಯ ಹಿಂದೆ ಹೋಗಿ ಅವನು ಕಂಡುಹಿಡಿದ ಭಯಂಕರ ಸತ್ಯ ಅವನ ಪತ್ರಿಕೆಯಲ್ಲಿ ಬರುವುದೇ ಇಲ್ಲ. ಬದುಕಿ ಉಳಿದವರ ಮುಖ ನೋಡಿ ಸುಮ್ಮನಾಗುತ್ತಾನೆ. ಅದು ಸರಿಯಾ ತಪ್ಪಾ ಅಂತ ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ಪತ್ರಕರ್ತನಾಗಿ ತಪ್ಪು ಅನಿಸುತ್ತದೆ. ಆ ಗೋಡೆ ನೆನಪಾದರೆ ಸರಿ ಅನಿಸುತ್ತದೆ.

ಅಮೆರಿಕದ ಕಾದಂಬರಿಕಾರ ಮೈಕೆಲ್ ಕಾನಲಿ ಕೂಡ ಕ್ರೈಮ್ ವರದಿಗಾರರಾಗಿದ್ದವರು. 1996ರ ‘ದಿ ಪೊಯೆಟ್’ನಲ್ಲಿ ಅವರ ಜ್ಯಾಕ್ ಮೆಕೆವಾಯ್‌ಗೆ ಸಾವಿನ ಸುದ್ದಿಯೇ ಬೀಟ್. ಒಂದು ದಿನ ಸತ್ತದ್ದು ಅವನ ಸ್ವಂತ ಸೋದರ, ಅದೂ ಒಬ್ಬ ಪೊಲೀಸ್ ಪತ್ತೇದಾರ. ಆತ್ಮಹತ್ಯೆ ಅಂತ ಕೇಸ್ ಮುಚ್ಚುವ ಹೊತ್ತಿಗೆ ಇವನು ಒಪ್ಪದೆ ಕೆದಕಲು ಶುರು ಮಾಡುತ್ತಾನೆ. ಅಲ್ಲಿಯವರೆಗೆ ಬೇರೆಯವರ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದವನು ಈಗ ಬಾಗಿಲ ಒಳಗಡೆ ಇದ್ದಾನೆ.

ನಿಮ್ಮ ಲೇಖನದಲ್ಲಿ ಸ್ವೀಡನ್ನಿನ ಕಾದಂಬರಿಗಾರ್ತಿ ಲೀಸಾ ಮಾರ್ಕ್‌ಲುಂಡ್ ಹೆಸರೇ ಇರಲಿಲ್ಲ, ಅದು ದೊಡ್ಡ ಕೊರತೆ. ಅವರ ನಾಯಕಿ ಅನಿಕಾ ಬೆಂಗ್ಟ್‌ಸನ್, ಸ್ಟಾಕ್‌ಹೋಮ್‌ನ ಸಂಜೆಪತ್ರಿಕೆಯೊಂದರ ಕ್ರೈಮ್ ವರದಿಗಾರ್ತಿ. ಒಂದು ಕಡೆ ಬಾಂಬ್ ಸ್ಫೋಟದ ಸುದ್ದಿ, ಇನ್ನೊಂದು ಕಡೆ ಮನೆಯಲ್ಲಿ ಚಿಕ್ಕ ಮಕ್ಕಳು, ಆಫೀಸಿನಲ್ಲಿ ಇವಳು ಯಾವಾಗ ಎಡವುತ್ತಾಳೆ ಅಂತ ಕಾಯುವ ಸಹೋದ್ಯೋಗಿಗಳು. ಸುದ್ದಿಮನೆಯ ಒಳಗಿನ ಗಲಾಟೆ ಇಷ್ಟು ನಿಜವಾಗಿ ಬಂದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಮುಂದಿನ ಸಲ ಇಂಥ ಲೇಖನ ಹಾಕುವಾಗ ಡೆಸ್ಕ್‌ನವರ ಬಗ್ಗೆಯೂ ನಾಲ್ಕು ಸಾಲು ಬರಲಿ. ವರದಿಗಾರ ತಂದ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವ ಆ ಹಿರಿಯರನ್ನೇ ನಾಯಕ ಮಾಡಿದ ಕಾದಂಬರಿ ನನಗೆ ಇನ್ನೂ ಸಿಕ್ಕಿಲ್ಲ. ಓದಿದವರು ಯಾರಾದರೂ ಇದ್ದರೆ ಇದೇ ಅಂಕಣದಲ್ಲಿ ಹೆಸರು ತಿಳಿಸಲಿ, ತರಿಸಿ ಓದುತ್ತೇನೆ.

ಇಂತಿ,
ಒಬ್ಬ ನಿವೃತ್ತ ವರದಿಗಾರ