ಹೆಸರನ್ನು ಕರೆಯುವ ಹಾಗೇ ಬರೆಯಿರಿ

ಮಾನ್ಯ ಸಂಪಾದಕರೇ,

ಫಿಲಿಪ್ ರಿವರ್ಸ್ ಮತ್ತೆ ಆಟಕ್ಕೆ ಇಳಿದ ಸುದ್ದಿಯನ್ನು ನಿಮ್ಮ ಕ್ರೀಡಾ ಪುಟದಲ್ಲಿ ಓದಿ ಖುಷಿಯಾಯಿತು. ಅಮೆರಿಕದ ಫುಟ್‌ಬಾಲಿಗೆ ಕನ್ನಡ ಪತ್ರಿಕೆಯಲ್ಲಿ ನಾಲ್ಕು ಸಾಲು ಸಿಗುವುದೇ ಅಪರೂಪ. ಆದರೆ ಅದೇ ಸುದ್ದಿಯ ಕೊನೆಯಲ್ಲಿ, ಹಿಂದೆ ಹೀಗೆ ವಾಪಸ್ ಬಂದವರನ್ನು ನೆನೆಯುವಾಗ ‘ಬ್ರೆಟ್ ಫಾವ್ರೆ’ ಎಂದು ಅಚ್ಚಾಗಿದೆ. ಅವರನ್ನು ಎಲ್ಲರೂ ಕರೆಯುವುದು ಫಾರ್ವ್ ಅಂತ. ಈ ಪತ್ರ ಅದರ ಬಗ್ಗೆಯೇ.

ದಾವಣಗೆರೆಯಲ್ಲಿ ಈ ಆಟ ಯಾರು ನೋಡ್ತಾರೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ವಿದ್ಯಾನಗರದಲ್ಲಿ ಒಂದು ಗುಂಪೇ ಇದೆ. ಇಂಜಿನಿಯರಿಂಗ್ ಓದುವ ಹುಡುಗರು, ಮಕ್ಕಳು ಅಮೆರಿಕದಲ್ಲಿರುವ ಒಂದಿಬ್ಬರು ಹಿರಿಯರು, ಜೊತೆಗೆ ನಾನು. ಅಲ್ಲಿ ಭಾನುವಾರ ರಾತ್ರಿ ನಡೆಯುವ ಪಂದ್ಯ ಈ ಚಳಿಗಾಲದಲ್ಲಿ ನಮಗೆ ಸೋಮವಾರ ಬೆಳಿಗ್ಗೆ ಏಳರ ಹೊತ್ತಿಗೆ ಶುರುವಾಗುತ್ತದೆ. ಮುಗಿಸಿ ಬೆಣ್ಣೆದೋಸೆ ತಿನ್ನಲು ಹೋದರೆ ಅಲ್ಲೂ ಅದೇ ಮಾತು.

ಈ ಸಲ ಮಾತೆಲ್ಲ ರಿವರ್ಸ್ ಬಗ್ಗೆಯೇ. 44 ವರ್ಷ, ಮೊಮ್ಮಗು ಕಂಡ ಅಜ್ಜ. ಸುಮಾರು ಐದು ವರ್ಷ ಆಟದಿಂದ ದೂರ ಇದ್ದು, ಅಲಬಾಮಾದ ಒಂದು ಹೈಸ್ಕೂಲಿನಲ್ಲಿ ಹುಡುಗರಿಗೆ ಕೋಚ್ ಆಗಿದ್ದವರು. 2025ರ ಡಿಸೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಡೇನಿಯಲ್ ಜೋನ್ಸ್ ಗಾಯಗೊಂಡಾಗ ತಂಡ ಇವರಿಗೆ ಫೋನ್ ಮಾಡಿತು. ಇವರು ಬಂದರು. ಸಿಯಾಟಲ್‌ನಲ್ಲಿ ಆಡಿದ ಮೊದಲ ಪಂದ್ಯವನ್ನು ತಂಡ 18-16ರಲ್ಲಿ ಸೋತಿತು, ಅದೂ ಕೊನೇ ಗಳಿಗೆಯಲ್ಲಿ. ‘ಈ ವಯಸ್ಸಲ್ಲಿ ಬೇಕಿತ್ತಾ, ಹೊಸ ಹುಡುಗರಿಗೆ ಜಾಗ ಬಿಡಬಾರದಾ’ ಎಂದು ನಮ್ಮಲ್ಲಿ ಕೆಲವರು ಕೇಳಿದರು. ನಾನು ಒಪ್ಪುವುದಿಲ್ಲ. ಶಾಲಾ ಮೈದಾನದಲ್ಲಿ ಸೀಟಿ ಊದುತ್ತಿದ್ದ ಮೇಷ್ಟ್ರು ಒಂದೇ ವಾರದಲ್ಲಿ ಅಷ್ಟು ದೊಡ್ಡ ಆಳುಗಳ ಮುಂದೆ ಹೋಗಿ ನಿಂತರು. ನಾನೂ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು, ಅದಕ್ಕೆ ಎಷ್ಟು ಎದೆಗಾರಿಕೆ ಬೇಕು ಅಂತ ಬಲ್ಲೆ.

ಫಾರ್ವ್ ಕಥೆಯೂ ಹಾಗೇ. 2008ರ ಮಾರ್ಚ್‌ನಲ್ಲಿ ಅಳುತ್ತಾ ನಿವೃತ್ತಿ ಹೇಳಿದರು. ಅದೇ ವರ್ಷ ಜೆಟ್ಸ್ ತಂಡಕ್ಕೆ ಬಂದರು, ಮರುವರ್ಷ ವೈಕಿಂಗ್ಸ್‌ಗೆ. ನಲವತ್ತು ತುಂಬಿದ ಆ ಋತುವಿನಲ್ಲಿ ಅಂಕ ತಂದುಕೊಡುವ ಟಚ್‌ಡೌನ್ ಪಾಸ್ 33 ಕೊಟ್ಟರು, ಎಸೆದ ಚೆಂಡು ಎದುರಾಳಿ ಕೈಗೆ ಹೋದದ್ದು ಏಳೇ ಸಲ. ಲೀಗ್ ಪಂದ್ಯಗಳಲ್ಲಿ ಸತತ 297 ಸಲ ತಂಡದ ಆಟ ಶುರು ಮಾಡಿದವರು ಅವರು. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರು ನಮ್ಮ ಪುಟದಲ್ಲಿ ಸರಿಯಾಗಿ ಬರಬೇಕಲ್ವಾ? ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ‘ವಿ’ ಮೊದಲು, ‘ಆರ್’ ಆಮೇಲೆ. ಬಾಯಲ್ಲಿ ಅದು ತಿರುವುಮುರುವು. ಸ್ಪೆಲ್ಲಿಂಗ್ ನೋಡಿ ಕನ್ನಡಕ್ಕೆ ಇಳಿಸಿದರೆ ಬೇರೆ ಯಾರೋ ಆಗಿಬಿಡುತ್ತಾರೆ.

ನಾನು ಇದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಲು ಕಾರಣವಿದೆ. ತಾಲ್ಲೂಕು ಕ್ರೀಡಾಕೂಟಗಳಲ್ಲಿ ಮೈಕ್ ಹಿಡಿಯುವ ಕೆಲಸ ನನ್ನದಾಗಿತ್ತು. ಪಟ್ಟಿ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆ ಪಟ್ಟಿಯಲ್ಲಿ ಹಾಲೇಶನೂ ಹಲೇಶ, ಕಾಳಮ್ಮನೂ ಕಲಮ್ಮ. ಒಂದು ಸಲ 800 ಮೀಟರ್ ಓಟಕ್ಕೆ ಮುಂಚೆ ಹೊರಗಿನಿಂದ ಬಂದ ಅತಿಥಿಯೊಬ್ಬರು ಮೈಕ್ ತಗೊಂಡು ‘ಹಲೇಶ್, ಹಲೇಶ್’ ಎಂದು ಕೂಗಿದರು. ಜಗಳೂರು ಕಡೆಯ ಹುಡುಗ. ಬರಿಗಾಲು, ಬನಿಯನ್ನಿಗೆ ನಂಬರ್ ಚೀಟಿ ಪಿನ್ ಹಾಕಿಕೊಂಡು ಸುಣ್ಣದ ಗೆರೆ ಪಕ್ಕದಲ್ಲೇ ನಿಂತಿದ್ದ. ತನ್ನನ್ನೇ ಕರೆಯುತ್ತಿದ್ದಾರೆ ಅಂತ ಅವನಿಗೆ ಹೊಳೆಯಲೇ ಇಲ್ಲ. ನಾನು ಮೈಕ್ ಇಸಿದುಕೊಂಡು ‘ಹಾಲೇಶಾ’ ಅಂದ ಕೂಡಲೇ ಕೈ ಎತ್ತಿ ಓಡಿಬಂದ.

ನಮ್ಮ ಲಿಪಿಗೆ ಈ ಕಷ್ಟವೇ ಇಲ್ಲ. ಕೇಳಿದ್ದನ್ನು ಹೆಚ್ಚೂಕಡಿಮೆ ಕೇಳಿದ ಹಾಗೇ ಬರೆಯಬಹುದು. ಟುವಾ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದಾರೆ, ಅವರ ಮನೆತನದ ಹೆಸರನ್ನೇ ನೋಡಿ. ಸಮೋವಾ ಭಾಷೆಯ ಬರಹದಲ್ಲಿ ‘ಜಿ’ ಅಕ್ಷರಕ್ಕೆ ನಮ್ಮ ‘ಙ’ದ ಸದ್ದು. ಹಾಗಾಗಿ ಟಗೊವೈಲೋವಾ ಅಲ್ಲ, ಟಂಗೊವೈಲೋವಾ. ಹೂಶ್‌ಮಂದ್‌ಜಾದೆ ಎಂಬ ಆಟಗಾರನ ಹೆಸರು ಹೇಳಲು ಅಮೆರಿಕದವರು ತಡವರಿಸುತ್ತಿದ್ದರು. ಅವರ ತಂದೆ ಇರಾನಿನವರು. ಶಹಜಾದೆ ಎಂಬ ಪದ ಗೊತ್ತಿರುವ ನಮಗೆ ಅದೇನು ಕಷ್ಟ? ನೋಟರ್ ಡೇಮ್ ವಿಶ್ವವಿದ್ಯಾಲಯದ ಹೆಸರನ್ನು ಫ್ರೆಂಚರು ಹೇಗೇ ಹೇಳಲಿ, ಅಲ್ಲಿಯವರು ಹೇಳುವುದು ನೋಟರ್ ಡೇಮ್ ಅಂತಲೇ.

ಅದೇ ನೋಟರ್ ಡೇಮ್‌ನಲ್ಲಿ ಜೋ ಥೀಸ್‌ಮನ್ ಎಂಬ ಹುಡುಗ ಆಡುತ್ತಿದ್ದ. ಕಾಲೇಜು ಆಟಗಾರರಿಗೆ ಕೊಡುವ ಅತಿ ದೊಡ್ಡ ಬಹುಮಾನ ಹೈಸ್‌ಮನ್ ಟ್ರೋಫಿ. ಅದಕ್ಕೆ ಪ್ರಾಸ ಕೂಡಲಿ ಎಂದು ಅಲ್ಲಿನ ಪ್ರಚಾರ ವಿಭಾಗದವರು ಹೆಸರನ್ನು ಥೈಸ್‌ಮನ್ ಮಾಡಿದರು. 1970ರಲ್ಲಿ ಟ್ರೋಫಿ ಜಿಮ್ ಪ್ಲಂಕೆಟ್ ಪಾಲಾಯಿತು, ಇವರು ಎರಡನೆಯವರಾದರು. ಹೊಸ ಹೆಸರು ಮಾತ್ರ ಉಳಿದುಕೊಂಡಿತು. ಅವರೇ ಅದನ್ನು ಒಪ್ಪಿಕೊಂಡ ಮೇಲೆ ನಾವೂ ಥೈಸ್‌ಮನ್ ಎಂದೇ ಬರೆಯಬೇಕು. ಹೆಸರು ಅವರದು, ತೀರ್ಮಾನವೂ ಅವರದೇ.

ನಮ್ಮ ವಿನಯ್ ಕುಮಾರ್ ಅವರನ್ನು ‘ದಾವಣಗೆರೆ ಎಕ್ಸ್‌ಪ್ರೆಸ್’ ಎನ್ನುತ್ತಿದ್ದ ದಿನಗಳಲ್ಲಿ ಹೊರಗಿನವರ ಬಾಯಲ್ಲಿ ಊರಿನ ಹೆಸರು ‘ದವನ್‌ಗೆರೆ’ ಆದಾಗ ನಮಗೆಲ್ಲ ಚುರುಕ್ ಅನ್ನುತ್ತಿತ್ತು. ಫಾರ್ವ್ ಬಹುಕಾಲ ಆಡಿದ ಗ್ರೀನ್ ಬೇ ಊರಿನವರಿಗೂ ಫಾವ್ರೆ ಎಂದರೆ ಹಾಗೇ ಆಗುತ್ತದೆ.

ರಾತ್ರಿ ಪುಟ ಕಟ್ಟುವವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ತಂಡಗಳು ಪತ್ರಕರ್ತರಿಗೆ ಕೊಡುವ ಮಾಹಿತಿಯಲ್ಲಿ ಕಷ್ಟದ ಹೆಸರುಗಳ ಉಚ್ಚಾರಣೆಯೂ ಇರುತ್ತದೆ. ಅದೊಂದನ್ನು ನೋಡಿಕೊಂಡು, ಒಮ್ಮೆ ಬರೆದದ್ದನ್ನೇ ಮುಂದೆಯೂ ಬರೆದರೆ ಸಾಕು. ಫೆಬ್ರುವರಿಯ ಫೈನಲ್ ಪಂದ್ಯವಾದ ಸೂಪರ್ ಬೌಲ್ ಒಳಗೆ ಬೇಕಿದ್ದರೆ ಪಟ್ಟಿಯನ್ನು ನಾವೇ ಮಾಡಿ ಕಳಿಸುತ್ತೇವೆ. ನಮ್ಮ ಹುಡುಗರು ಕಾಮೆಂಟರಿ ಕೇಳಿಕೊಂಡು ಆಗಲೇ ಬರೆಯಲು ಶುರು ಮಾಡಿದ್ದಾರೆ.

– ನಿವೃತ್ತ ದೈಹಿಕ ಶಿಕ್ಷಕ, ವಿದ್ಯಾನಗರ, ದಾವಣಗೆರೆ