ಹಾವು ಕಚ್ಚಿದರೆ ಮೊದಲು ಆಸ್ಪತ್ರೆಗೆ

ತೊಗರಿ ಹೊಲದಲ್ಲಿ ಹಾವು ಕಚ್ಚಿದವರನ್ನು ಮೊದಲು ಮಂತ್ರ ಹಾಕಿಸಲು ಕರೆದೊಯ್ಯುವ ರೂಢಿ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಬೇವಿನ ಎಲೆ ಅಗಿಯಲು ಕೊಟ್ಟು, ಕಹಿ ಹತ್ತದಿದ್ದರೆ ವಿಷ ಏರಿದೆ ಎಂದು ನಿರ್ಧರಿಸುತ್ತಾರೆ. ಆಮೇಲೆ ದಾರ ಕಟ್ಟುತ್ತಾರೆ. ಅಷ್ಟರಲ್ಲಿ ಜೀವ ಉಳಿಸಬಹುದಾದ ಹೊತ್ತು ಕಳೆದುಹೋಗಿರುತ್ತದೆ. ನಮ್ಮ ಸುತ್ತಲಿನ ಬಹುಪಾಲು ಹಾವುಗಳಿಗೆ ವಿಷವೇ ಇಲ್ಲ. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಬದುಕುಳಿದವರನ್ನು ಕಂಡೇ ಜನ ಮಂತ್ರವನ್ನು ನಂಬುತ್ತಾರೆ. ಆದರೆ ನಾಗರಹಾವು, ಕೊಳಕುಮಂಡಲದ ವಿಷ ಮೈಗೇರಿದರೆ ಪ್ರತಿವಿಷದ ಚುಚ್ಚುಮದ್ದು ಬಿಟ್ಟು ಬೇರೆ ಮದ್ದಿಲ್ಲ.

ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು 2020ರಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಆದರೂ ಮಂತ್ರ ಹಾಕುವವರಲ್ಲಿ ಹಲವರು ಹಣ ಮುಟ್ಟದ, ಊರೇ ಗೌರವಿಸುವ ಹಿರಿಯರು. ಆರೋಗ್ಯ ಇಲಾಖೆ ಪ್ರತಿ ಮುಂಗಾರಿಗೆ ಮುನ್ನ ಅವರ ಸಭೆ ಕರೆದು, ‘ಮೊದಲು ದವಾಖಾನೆಗೆ ಹೋಗ್ರಿ’ ಎಂದು ಅವರ ಬಾಯಿಂದಲೇ ಹೇಳಿಸಬೇಕು. ಪ್ರತಿವಿಷ ಸಿಗುವ ಹತ್ತಿರದ ಆಸ್ಪತ್ರೆಯ ಹೆಸರನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಬೇಕು.

–ಒಬ್ಬ ಓದುಗ, ಚಿತ್ತಾಪುರ, ಕಲಬುರಗಿ ಜಿಲ್ಲೆ